ಮೂವತ್ತನೇ ವಾರ

ಸಂಶೋಧಕರ ಕೋಣೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿತ್ತು. ಅತ್ತೆಯೂ ಬಂದಿದ್ದರು. ನನ್ನ ಗಂಡ ಸತ್ತು ಐದು ತಿಂಗಳಾಗಿತ್ತು. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ಮಿದುಳಿನ ಗಡ್ಡೆಯನ್ನು ಕತ್ತರಿಸಿ ತೆಗೆದು, ವಿಕಿರಣ ಕೊಟ್ಟ ಮೇಲೆ ಅದು ಎಲ್ಲಿ, ಯಾವ ವಾರ ಮರಳುತ್ತದೆಂದು ಮೊದಲೇ ಹೇಳುವುದು ಆ ಸಂಶೋಧಕರ ಕೆಲಸ. ಸದ್ಯಕ್ಕೆ ತೀರಿಹೋದ ಅರವತ್ತೊಂದು ಜನರ, ನನ್ನ ಗಂಡನದೂ ಸೇರಿ, ಹಳೆಯ ಸ್ಕ್ಯಾನುಗಳನ್ನು ಕಂಪ್ಯೂಟರಿಗೆ ಕೊಟ್ಟು, ಅದು ಹೇಳಿದ್ದನ್ನು ನಡೆದದ್ದರ ಜೊತೆ ತಾಳೆ ನೋಡುತ್ತಿದ್ದರು.

"ಹೋದವರ ಭವಿಷ್ಯ ಹೇಳ್ತೀರಿ ಅನ್ನಿ," ಎಂದರು ಅತ್ತೆ.

ಸಂಶೋಧಕರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು.

"ಮೇಡಂ, ವಿಕಿರಣ ಮುಗಿದ ಮೇಲೆ ನಿಮ್ಮವರ ಇಪ್ಪತ್ತೆಂಟನೇ ವಾರದ ಸ್ಕ್ಯಾನಲ್ಲಿ ಡಾಕ್ಟರಿಗೆ ಏನೂ ಕಂಡಿಲ್ಲ. ಅದೇ ಸ್ಕ್ಯಾನ್ ನೋಡಿ ನಮ್ಮ ಲೆಕ್ಕ ಮೂವತ್ತನೇ ವಾರ ಅಂತು. ಬಲಗೈ ಆಡಿಸೋ ಭಾಗದ ಪಕ್ಕದಲ್ಲೇ ಅಂತು. ಜಾಗ ಸರಿ ಇದೆ. ಫೈಲಲ್ಲಿ ಮಾತ್ರ ಮೂವತ್ತಾರು ಅಂತಿದೆ, ಮುಂದಿನ ಸ್ಕ್ಯಾನಿನ ವಾರ. ನಡುವೆ ಏನಾದ್ರೂ ಲಕ್ಷಣ ಇತ್ತಾ? ಇಲ್ಲಾಂದ್ರೆ ಇದನ್ನ ತಪ್ಪಿನ ಪಟ್ಟಿಗೆ ಹಾಕ್ತೀನಿ."

"ಏನೂ ಇರ್ಲಿಲ್ಲ," ಎಂದರು ಅತ್ತೆ. "ಇವಳು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡ್ಳು. ಗುಂಡಿ ಹಾಕೋ ಶ್ರಮ ಕೂಡ ಬೇಡ ಅಂತ ಅಂಗಿಗೆಲ್ಲ ಪ್ರೆಸ್ ಬಟನ್ ಹೊಲಿದಳು. ಯಾವ ಸೊಸೆ ಮಾಡ್ತಾಳೆ ಹೇಳಿ?"

ಕೀಲಿಮಣೆಯ ಮೇಲಿದ್ದ ಸಂಶೋಧಕರ ಬೆರಳು ನಿಂತಿತು. "ಯಾವಾಗ ಹೊಲಿದಿರಿ ಮೇಡಂ?"

ಮೂವತ್ತಾರನೇ ವಾರದ ಸ್ಕ್ಯಾನ್ ಆದ ಮೇಲೆ ಎಂದಿದ್ದರೆ ಮುಗಿಯುತ್ತಿತ್ತು. ಅತ್ತೆಗೆ ದಿನಾಂಕಗಳು ನೆನಪಿರುವುದಿಲ್ಲ. ಅವರಿಗೆ ನಾನೊಬ್ಬಳೇ, ನನಗೂ ಅವರೊಬ್ಬರೇ. ಆದರೆ ನಾನು ಓದಿದ್ದು ಸಂಖ್ಯಾಶಾಸ್ತ್ರ. ಅರವತ್ತೊಂದು ಜನರ ಪಟ್ಟಿಯಲ್ಲಿ ಒಂದು ಸುಳ್ಳು ಎಷ್ಟು ದೂರ ಹೋಗುತ್ತದೆಂದು ಗೊತ್ತಿತ್ತು.

"ಮೂವತ್ತನೇ ವಾರದ ಮೂರನೇ ದಿನ," ಎಂದೆ. "ಅಂದು ಬೆಳಿಗ್ಗೆ ಅವನ ಬಲಗೈಗೆ ಗುಂಡಿ ಹಾಕಲಾಗಲಿಲ್ಲ. ಮಧ್ಯಾಹ್ನ ಆರು ಅಂಗಿಗೆ ಹೊಲಿದೆ. ಹೊರಗಿನವರಿಗೆ ಗೊತ್ತಾಗಬಾರದು ಅಂತ ಹಳೇ ಗುಂಡಿಗಳನ್ನ ಮೇಲೆ ಕೂರಿಸಿದೆ."

"ಹಾಗಾದ್ರೆ ನಮ್ಮ ಲೆಕ್ಕ ಸರಿಯಾಗೇ ಇತ್ತು!" ಎಂದರು ಸಂಶೋಧಕರು. ಹೇಳಿದ ಮೇಲೆ ಮುಖ ಕೆಂಪಾಯಿತು. ಆದರೂ ಮೂವತ್ತಾರನ್ನು ಅಳಿಸಿ ಮೂವತ್ತು ಬರೆದರು.

ಅತ್ತೆ ನನ್ನತ್ತ ತಿರುಗಿದರು. "ಅವನಿಗೆ ಗೊತ್ತಿತ್ತೇನೇ?"

"ಅಂಗಿ ಹಾಕ್ಕೊಂಡ. ಏನೂ ಕೇಳಲಿಲ್ಲ."

"ನೀನ್ಯಾಕೆ ಬಾಯಿ ಬಿಡಲಿಲ್ಲ?"

ಅವನ ಸಲುವಾಗಿ ಎನ್ನಬಹುದಿತ್ತು. "ನನಗೆ ಸಾಕಾಗಿತ್ತು ಅತ್ತೆ. ಮುಂದಿನ ಸ್ಕ್ಯಾನ್ ತನಕ ಆಸ್ಪತ್ರೆ ಬೇಡ ಅನ್ನಿಸಿತು."

ಅವರು ಸಂಶೋಧಕರನ್ನು ಕೇಳಿದರು. "ಆವತ್ತೇ ಹೇಳಿದ್ರೆ ಉಳೀತಿದ್ನಾ?"

"ಇಲ್ಲಮ್ಮ. ಈ ಗಡ್ಡೆ ಯಾರನ್ನೂ ಬಿಡಲ್ಲ. ಮತ್ತೆ ಆಪರೇಷನ್ ಮಾಡಿದ್ರೆ ಹೆಚ್ಚಂದ್ರೆ ಇನ್ನೆರಡು ತಿಂಗಳು ಇರ್ತಿದ್ರೋ ಏನೋ. ಅಷ್ಟೇ."

"ಅಷ್ಟೇ," ಎಂದರು ಅತ್ತೆ. "ನಿಮ್ಮ ಮಗನಾಗಿದ್ರೆ ಹಾಗೇ ಅಂತಿದ್ರಾ, ಅಷ್ಟೇ ಅಂತ?"

ಸಂಶೋಧಕರು ಸ್ಕ್ಯಾನ್ ಬಳಸುವ ಒಪ್ಪಿಗೆ ಪತ್ರವನ್ನು ನನ್ನ ಮುಂದೆ ಸರಿಸಿದರು. ಸಹಿ ಮಾಡಿದೆ.

ಲಿಫ್ಟಿಗೆ ಕಾಯದೆ ಅತ್ತೆ ಮೆಟ್ಟಿಲಿಳಿಯತೊಡಗಿದರು. ಮಂಡಿ ನೋವೆಂದು ಯಾವಾಗಲೂ ನನ್ನ ಭುಜ ಹಿಡಿಯುವವರು. ಅಂದು ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು ಇಳಿದರು. ನಾನು ಎರಡು ಮೆಟ್ಟಿಲು ಹಿಂದಿದ್ದೆ.

ನಿಲ್ದಾಣಕ್ಕೆ ನಮ್ಮ ಬಸ್ ಬಂತು.

"ನೀನು ಹತ್ತು. ನಾನು ಮುಂದಿನದಕ್ಕೆ ಬರ್ತೀನಿ," ಎಂದರು, ರಸ್ತೆ ನೋಡುತ್ತಾ.

ಬಸ್ಸಿನಲ್ಲಿ ಬೇಕಾದಷ್ಟು ಜಾಗವಿತ್ತು. ನಾನು ಹತ್ತಿದೆ.