ಗೋಡೆಯಾಚೆಯ ಶಾಲೆ

ಹೊಸ ಬಡಾವಣೆಯ ಕೊನೇ ಮನೆ ದರ್ಜಿಯದು. ಮನೆಯ ಪಕ್ಕದಲ್ಲೇ ರಸ್ತೆ ಮುಗಿದು ಗೋಡೆ ನಿಂತಿದೆ. ಗೋಡೆಯಾಚೆ ಇನ್ನೊಂದು ಬಡಾವಣೆ, ಅದರ ಅಂಚಿಗೇ ಶಾಲೆ. ಅಲ್ಲಿ ಗಂಟೆ ಹೊಡೆದರೆ ಇವರ ಅಡುಗೆಮನೆಗೆ ಕೇಳುತ್ತದೆ. ಆದರೆ ಮಗಳು ಶಾಲೆ ಸೇರಬೇಕೆಂದರೆ ಬಡಾವಣೆಯನ್ನೆಲ್ಲ ಸುತ್ತಿ, ಲಾರಿ ಓಡುವ ಹೆದ್ದಾರಿಯ ಅಂಚಿನಲ್ಲೇ ನಡೆಯಬೇಕು. ಎಂಥ ಕರ್ಮ ನೋಡಿ!

ಒಂದು ಸಂಜೆ ಮಗಳು ಚೀಲ ಮೂಲೆಗೆಸೆದು, "ಅಪ್ಪಾ, ನಾನಿನ್ನು ಶಾಲೆಗೆ ಹೋಗಲ್ಲ. ಲಾರಿ ಮೈಮೇಲೇ ಬಂತು" ಎಂದಳು. ಮೊಣಕೈ ತರಚಿತ್ತು.

ಬಸ್ಸು ಓಡಿಸುವ ನಾದಿನಿ ಅಲ್ಲೇ ಕೂತಿದ್ದಳು. "ಭಾವ, ಆ ಗೋಡೇಲಿ ಒಂದು ದಾರಿ ಬಿಡಿಸಿ."

"ನಿನಗೇನು ತಲೆ ಕೆಟ್ಟಿದ್ಯಾ? ಕಳ್ಳಕಾಕರು ಬರ್ತಾರೆ ಅಂತ ಮನೆಮನೆ ಸುತ್ತಿ ಕಟ್ಟಿಸಿದೋನೇ ನಾನು. ಆಚೆ ಬಡಾವಣೆಯೋರೂ ಹಟಕ್ಕೆ ಬಿದ್ದು ತಮ್ಮದೊಂದು ಕಟ್ಟಿದ್ರು."

"ಬೆನ್ನಿಗೆ ಬೆನ್ನು ಕೊಟ್ಟು ಎರಡು ಗೋಡೆ! ಭಲೇ!" ನಾದಿನಿ ನಕ್ಕಳು. "ಕಳ್ಳ ಗೋಡೆ ಹಾರ್ತಾನೆ ಭಾವ, ಹಾರೋಕಾಗದೆ ಇರೋದು ಮಗು. ಜನ ಓಡಾಡೋ ದಾರೀಲಿ ನಾಲ್ಕು ಕಣ್ಣಿರುತ್ತೆ. ಕಳ್ಳನಿಗೆ ಬೇಕಾಗಿರೋದು ಯಾರೂ ಬಾರದ ಮೂಲೆ."

"ಕಾರು ನುಗ್ಗಿದ್ರೆ?"

"ನಡುವೆ ಕಂಬ ನೆಡಿಸಿ. ನಡೆಯೋರು, ಸೈಕಲ್ಲಿನೋರು ಹೋಗ್ತಾರೆ, ಕಾರು ನಿಲ್ಲುತ್ತೆ."

ದರ್ಜಿ ಸೊಪ್ಪು ಹಾಕಲಿಲ್ಲ. ಮರುದಿನ ತಾನೇ ಮಗಳ ಕೈ ಹಿಡಿದು ಹೊರಟ. ಹೆದ್ದಾರಿಯಲ್ಲಿ ಲಾರಿಯೊಂದು ಒತ್ತಿಕೊಂಡೇ ಬಂದಾಗ ಇಬ್ಬರೂ ಚರಂಡಿಗೆ ಜಾರಿದರು. ಅವನ ಜೀವ ಬಾಯಿಗೆ ಬಂತು. ಮಗಳು ಅಳಲೂ ಇಲ್ಲ, ಅಭ್ಯಾಸವಾದವಳ ಹಾಗೆ ಎದ್ದು ಬಟ್ಟೆ ಕೊಡವಿಕೊಂಡಳು.

ದರ್ಜಿ ಹೊಲಿಗೆಯಂತ್ರ ಮುಚ್ಚಿಟ್ಟು ಅವತ್ತೇ ಮನೆಮನೆಗೆ ಹೋದ.

"ಗೋಡೆ ಬೇಕು ಅಂದೋನೂ ನೀನೇ, ಬೇಡ ಅನ್ನೋನೂ ನೀನೇನಾ?" ಎಂದು ಪಕ್ಕದ ಮನೆಯ ನಿವೃತ್ತ ಗುಮಾಸ್ತ ರೇಗಿಸಿದ.

"ನಾನೇ ಸ್ವಾಮಿ. ಅಳತೆ ತಪ್ಪಿದ್ರೆ ಹೊಲಿಗೆ ಬಿಚ್ಚಲೇಬೇಕಲ್ಲ? ಬನ್ನಿ, ಒಂದ್ಸಲ ನೀವೂ ಆ ರಸ್ತೇಲಿ ನಡೀರಿ."

ಗುಮಾಸ್ತ ನಡೆದ. ವಾಪಸು ಬಂದವನೇ ಆಚೆ ಬಡಾವಣೆಯವರ ಹತ್ತಿರ ಮಾತಾಡಲು ತಾನೇ ಮುಂದಾದ. ಎರಡೂ ಕಡೆಯವರು ಸೇರಿ ವಾರ್ಡ್ ಸಭೆಯಲ್ಲಿ ಪಟ್ಟು ಹಿಡಿದರು. ಅಧಿಕಾರಿ "ನೋಡೋಣ" ಎಂದಾಗಲೆಲ್ಲ ಮತ್ತೆ ಹೋಗಿ ನಿಂತರು. ಕೊನೆಗೂ ನಗರಸಭೆಯ ಕೆಲಸಗಾರರು ಬಂದು ಎರಡೂ ಗೋಡೆ ಒಡೆದು, ನಡುವೆ ಕಂಬ ನೆಟ್ಟು ದಾರಿ ಮಾಡಿದರು.

ಮೊದಲ ದಿನವೇ ಮಗಳು, "ನೀನು ಬರ್ಬೇಡಪ್ಪ, ನಾನೊಬ್ಬಳೇ ಹೋಗ್ತೀನಿ" ಎಂದು ಓಡಿದಳು. ದರ್ಜಿ ತಡೆಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರೂ ಬೆಳೆಯುತ್ತಿದೆ. ಹೊಸ ಬಡಾವಣೆಯಲ್ಲಿ ನಿವೇಶನ ನೋಡಲು ಹೋದಾಗ ರಸ್ತೆ ಎಷ್ಟು ಅಗಲ ಅಂತಷ್ಟೇ ಕೇಳಬೇಡಿ, ಎಲ್ಲಿಗೆ ಸೇರುತ್ತದೆ ಅಂತಲೂ ಕೇಳಿ. ಈಗಾಗಲೇ ಗೋಡೆ ಎದ್ದಿದ್ದರೆ ನೆರೆಯವರನ್ನು ಕರೆದುಕೊಂಡು ವಾರ್ಡ್ ಸಭೆಗೆ ನಡೆಯಿರಿ. ಸುಮ್ಮನೆ ಕೂತರೆ ನಿಮ್ಮ ಮಗು ನಾಳೆ ಬೆಳಗ್ಗೆಯೂ ಅದೇ ಹೆದ್ದಾರಿಯಲ್ಲಿ ಹೋಗಬೇಕು. ಕಳಿಸುತ್ತೀರಾ?