ಚಂದ್ರಾಬಾಯಿ ಹೊಲಿದ ಕೈಗವಸು

ನಿಶ್ಚಿತಾರ್ಥದಲ್ಲಿ ಉಂಗುರ ತೊಡಿಸುವಾಗ ಗಡಹಿಂಗ್ಲಜದ ಬೀಗತಿ, "ಹುಡುಗನ ಕೈ ಏನ್ ಇಷ್ಟ ಕರಿ ಅದಾವ್ರಿ" ಎಂದುಬಿಟ್ಟಳು. ಅಂದಿನಿಂದ ಲಖನ್‌ನ ತಾಯಿ ಚಂದ್ರಾಬಾಯಿಗೆ ಅನ್ನ ಸೇರಲಿಲ್ಲ. ವರ್ಷಗಟ್ಟಲೆ ಲೇಥ್ ಮಷೀನಿನ ಎಣ್ಣೆ ಕುಡಿದ ಕೈ ಕರಿಯಾಗದೆ ಇನ್ನೇನಾಗುತ್ತದೆ? ಆದರೂ ಅಷ್ಟಕ್ಕೇ ಮದುವೆ ಮುರಿದರೆ ಎಂಬ ಹೆದರಿಕೆ ಅವಳನ್ನು ಬಿಡಲಿಲ್ಲ.

ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಬಟ್ಟೆಗೆ ಬರವೇ? ಮೆತ್ತನೆಯ ಬಿಳಿ ಮಲ್ ಬಟ್ಟೆ ತಂದು, ಮೊಣಕೈತನಕ ಬರುವ, ಲಾಡಿ ಕಟ್ಟುವ ಕೈಗವಸು ಹೊಲಿದಳು. ಅದೇ ಊರಿನ ಶಹಾಪುರ ಭಾಗದಲ್ಲಿ ಮಗ ದುಡಿಯುವ ವರ್ಕಶಾಪಿಗೇ ಹೋಗಿ ಅವನಿಗೆ ತೊಡಿಸಿ, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಳು.

ಮಾಲಕ ಶ್ರೇಣಿಕ ಓಡಿ ಬಂದ.

"ಮಾವಶಿ, ತಿರುಗೋ ಮಷೀನಿಗೆ ಗ್ಲೋಜ್ ನಡೆಯಂಗಿಲ್ರಿ. ಒಂದ ಎಳಿ ಸಿಕ್ರ ಸಾಕು, ಕೈನ ಎಳಕೊಂತೈತಿ."

"ಕೈ ಕಾಯಾಕ ಅಲ್ಲೇನ್ರಿ ಗ್ಲೋಜ್ ಇರೋದು?"

"ಹಂಗಾದ್ರ ಮಷೀನ್ ಬಂದ್."

"ಇರ್ಲಿ ಬಂದ್."

ಇಬ್ಬರೂ ಜಗ್ಗಲಿಲ್ಲ. ನಿಂತ ಲೇಥಿನ ಮುಂದೆ ಲಖನ್ ಬಿಳಿ ಕೈಗಳನ್ನು ತೊಡೆಯ ಮೇಲಿಟ್ಟು, ಫೋಟೊ ತೆಗೆಸಿಕೊಳ್ಳುವವನಂತೆ ಕೂತ. ಚಹಾವನ್ನೂ ತಾಯಿಯೇ ಕುಡಿಸಿದಳು, ಬಟ್ಟೆಗೆ ಕಲೆ ಬೀಳಬಾರದಲ್ಲ. ರಿಪೇರಿಗೆ ಕೊಟ್ಟ ಮಗ್ಗದ ರೋಲರ್ ಒಯ್ಯಲು ಬಂದವರು ನಮಸ್ಕಾರ ಮಾಡಿ ಬರಿಗೈಲಿ ಹೋದರು. ಒಬ್ಬ ಮಾತ್ರ ದನಿ ತಗ್ಗಿಸಿ, ತೀರಿಕೊಂಡವರು ಯಾರೆಂದು ಕೇಳಿದ.

ಮಧ್ಯಾಹ್ನಕ್ಕೆ ಶ್ರೇಣಿಕನ ತಾಳ್ಮೆ ಹರಿಯಿತು. ಒಂದು ಕೈಗವಸು ಬಿಚ್ಚಿಸಿ, ಚಂದ್ರಾಬಾಯಿಯ ಸಂತೆ ಚೀಲದಿಂದ ಐದು ಬೆಂಡೆಕಾಯಿ ತೆಗೆದು ಅದರ ಬೆರಳುಗಳಲ್ಲಿ ತುಂಬಿದ. "ಇವು ಲಖನ್‌ನ ಬೆರಳು ಅಂತ ತಿಳೀರಿ" ಎಂದು ಉದ್ದನೆಯ ಕೋಲಿಗೆ ಕಟ್ಟಿ, ಮಷೀನು ಹಾಕಿ, ದೂರದಿಂದ ಚಾಚಿದ.

ಒಂದು ನೂಲು ಸಿಕ್ಕಿತು. ಅಷ್ಟೇ. ಕೋಲು ಕೈಯಿಂದ ಹಾರಿತು, ಕೈಗವಸು ಮುದ್ದೆಯಾಗಿ ಸುತ್ತಿಕೊಂಡಿತು, ಬೆಂಡೆಕಾಯಿ ಮಾಲಕನ ಕನ್ನಡಕಕ್ಕೆ ಬಂದು ಅಂಟಿತು. ಬೇಡ ಎನ್ನುವಷ್ಟು ಹೊತ್ತೂ ಇರಲಿಲ್ಲ.

ಮಷೀನು ನಿಂತಿತು. ಲಖನ್ ಹೋಗಿ ಅದರೊಳಗಿನ ಚಿಂದಿ ಬಿಡಿಸತೊಡಗಿದ. ಚಂದ್ರಾಬಾಯಿ ನೆಲದ ಮೇಲೆ ಕೂತು ಕೈಗವಸಿನ ಚೂರುಗಳನ್ನು ಉಡಿಯಲ್ಲಿ ಆರಿಸಿಕೊಂಡಳು. ಹೆಬ್ಬೆರಳು ಸಿಕ್ಕಿತು, ನಡುವಿನವು ಸಿಕ್ಕವು.

"ಕಿರಿಬೆರಳ ಎಲ್ಲೈತಿ?" ಎಂದಳು.

ಯಾರಿಗೂ ನಗು ಬರಲಿಲ್ಲ. ಎಲ್ಲರೂ ಹುಡುಕಿದರು. ಮಾಲಕನೇ ಬೋರಲು ಮಲಗಿ ಲೇಥಿನ ಕೆಳಗೆ ಬ್ಯಾಟರಿ ಬಿಟ್ಟು ನೋಡಿದ.

"ಅವ್ವಾ, ಇಲ್ಲೇ ಐತಿ" ಎಂದು ಲಖನ್ ತನ್ನ ಕೈ ಚಾಚಿದ. ಹೊಸ ಎಣ್ಣೆ ಮೆತ್ತಿದ ಆ ಕೈಯನ್ನು ಅವಳು ಗಲ್ಲಕ್ಕೆ ಒತ್ತಿಕೊಂಡು ಮನಸಾರೆ ಅತ್ತಳು.

ಸಂಜೆ ಮದುವೆ ಸೀರೆಯ ಮಾತಿಗೆ ಗಡಹಿಂಗ್ಲಜಕ್ಕೆ ಹೋಗಬೇಕಿತ್ತು. ಬಸ್ಸಿನಲ್ಲಿ ಜನ ತಿರುತಿರುಗಿ ನೋಡಿದರೂ ಅವಳು ಮುಖ ಒರೆಸಿಕೊಳ್ಳಲಿಲ್ಲ.

ಬೀಗತಿ ಬಾಗಿಲಲ್ಲೇ ಕೇಳಿದಳು, "ಗಲ್ಲದ ಮ್ಯಾಲ ಏನ್ರಿ ಅದು, ಕರೀದು?"

"ನನ್ನ ಮಗನ ಕೈರಿ" ಎಂದು ಚಂದ್ರಾಬಾಯಿ ಗಲ್ಲ ಮುಂದೆ ಮಾಡಿದಳು. "ಎಣಿಸ್ರಿ. ಐದೂ ಅದಾವ."