ಕುಂಬಳ ಒಡೆದವರು ಯಾರು

ಹಂಚಿನ ಮೇಲೆ ಮೆಣಸಿನಕಾಯಿ ಉಬ್ಬುತ್ತಿದೆ, ಉಬ್ಬಿ ಬೆನ್ನು ಕಪ್ಪಾಗುತ್ತಿದೆ, ತೆಗೆಯಬೇಕು, ಬೇಡ, ತೆಗೆಯಬಾರದು — ಇನ್ನೊಂದು ಹಿಡಿ ಹಾಕು ಕಳಕಮ್ಮ, ಘಾಟು ಪಡಸಾಲೆ ತುಂಬಲಿ, ಹೊಸ್ತಿಲು ದಾಟಿ ಓಣಿಗೂ ಹೋಗಲಿ, ಬರುವವರ ಮೂಗಿಗೆ ಮೊದಲೇ ಹತ್ತಲಿ. ಪಕ್ಕದ ಮನೆಯ ಜುಬೇದಾಬೀ ಬಾ ಬಾ ಬಾ ಎಂದು ಕೋಳಿ ಕರೆದಳು, ಅವಳ ಮನೆಯಲ್ಲಿ ಈಗ ಒಂದು ಕೋಳಿಯೂ ಇಲ್ಲ, ಅದು ನಮ್ಮಿಬ್ಬರ ಗುರುತು, ತಪಾಸಣೆಯವರು ಓಣಿಗೆ ಬಂದಾರ ಅಂತ. ನನ್ನ ಗಂಡ, ಇವರು, ತಿನ್ನುತ್ತಿದ್ದ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಲೆಯ ಪಕ್ಕದ ಹಗೇವಿಗೆ, ಜೋಳ ತುಂಬುವ ನೆಲದ ಗುಂಡಿಗೆ, ಇಳಿದರು, ನಾನು ಬಂಡೆ ಎಳೆದೆ, ಬಂಡೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಸಗಣಿ, ಅಡುಗೆಮನೆ ಪೂರ್ತಿ ಸಾರಿಸಿಬಿಟ್ಟೆ, ಒಂದೇ ಕಡೆ ಹಸಿಯಿದ್ದರೆ ಯಾರಿಗಾದರೂ ತಿಳಿಯುತ್ತದೆ. ಮಾವನವರು ಸರಕಾರಕ್ಕೆ ಕಾಳು ವಸೂಲು ಮಾಡುವ ಲೆವಿಯವರ ಕಣ್ಣು ತಪ್ಪಿಸಿ ಜೋಳ ಉಳಿಸಲು ತೋಡಿಸಿದ ಸಣ್ಣ ಹಗೇವು ಇದು, ಅಂಗಳದ ದೊಡ್ಡದು ಊರಿಗೆಲ್ಲ ಗೊತ್ತು, ಇದು ಮನೆಯವರಿಗಷ್ಟೇ ಗೊತ್ತು. ಹೋದ ಮಳೆಗಾಲ ಇದಕ್ಕೂ ನೀರು ಇಳಿದಿತ್ತು, ತಳದಲ್ಲಿ ಉಳಿದ ಜೋಳ ಹುಳಿತು ಹೋಗಿದೆ. ಮಾವನವರು ಹೇಳುತ್ತಿದ್ದರು, ಹಗೇವು ತೆಗೆದ ಕೂಡ್ಲೆ ಇಳಿಬಾರದವ್ವಾ, ಒಳಗ ಕೆಟ್ಟ ಗಾಳಿ ಇರತೈತಿ, ಮುಂಜಾನಿ ತೆಗೆದು ಇಳಿಹೊತ್ತಿಗೆ ಇಳಿಬೇಕು, ಮೊದಲ ದೀಪ ಇಳಿಬಿಡಬೇಕು, ದೀಪ ಉಳಿದರ ಮನಷ್ಯಾ ಉಳೀತಾನ. ಯಾವ ದೀಪ, ಯಾವ ಇಳಿಹೊತ್ತು, ಬೂಟಿನ ಸದ್ದು ಓಣಿಯ ಬಾಯಿಗೆ ಬಂದಾಗಿತ್ತು.

ಟಕ್, ಕೆಳಗಿನಿಂದ ಬಂತು, ಕುಡಗೋಲಿನ ಹಿಡಿಯಿಂದ ಬಂಡೆಗೆ ಬಡಿಯುತ್ತಾರೆ — ಇಲ್ಲ, ಕುಡಗೋಲು ಇಲ್ಲೇ ಬಿದ್ದಿದೆ, ಕುಂಬಳಕಾಯಿ ಹೋಳಿನ ಪಕ್ಕ, ಹಾಗಾದರೆ ಮುಷ್ಟಿಯಿಂದಲೇ ಇರಬೇಕು, ಜೀವಂತ ಅದೀನಿ ಅನ್ನುವ ಗುರುತು, ಅಷ್ಟು ಸಾಕು ನನಗೆ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂತಂತೆ, ನಮ್ಮ ಯಲಬುರ್ಗಿ ಸೀಮೆಗೆ ಇನ್ನೂ ನಿಜಾಮರದೇ ಹುಕುಂ, ಇವರು ಸುಂಕ ವಸೂಲಿಯ ಕರೋಡಗಿರಿ ನಾಕಾ ಸುಟ್ಟವರ ಜೊತೆ ಗುಡ್ಡ ದಾಟಿ ಗಡಿಯಾಚೆಯ ಶಿಬಿರಕ್ಕೆ ಹೋದವರು, ಹೋಗುವ ಮುಂಚೆ ಬಚ್ಚಲ ಹತ್ತಿರ ಕುಂಬಳದ ಬೀಜ ಊರಿ ಹೋದವರು, ಬಳ್ಳಿ ಬಚ್ಚಲ ನೀರು ಕುಡಿದು ಮಾಳಿಗೆ ಏರಿತು, ಕಾಯಿ ಬಿಟ್ಟಿತು, ಇವರು ಬರಲಿಲ್ಲ. ಇಂದು ಕೋಳಿ ಕೂಗುವ ಹೊತ್ತಿಗೆ ಹಿತ್ತಲ ಗೋಡೆ ಹಾರಿ ಬಂದು ಮೊದಲು ಕೇಳಿದ್ದೇ ಅದನ್ನು, ಎಳೆಗಾಯಿ ಐತೇನ, ಹುರಿದ ಮೆಣಸಿನಕಾಯಿ ಕುಟ್ಟಿ ಹಾಕಿ ಪಲ್ಯಾ ಮಾಡ, ಶಿಬಿರದಾಗ ನೀರಿನಂಥಾ ಸಾರು ಕುಡಿದು ನಾಲಿಗಿ ಸತ್ತೈತಿ. ಒಡೆದು ಕೊಡ್ರಿ ಅಂದೆ, ಗಂಡಸರು ಮೊದಲು ಒಡೆಯದೆ ಹೆಣ್ಣುಮಕ್ಕಳು ಇಡೀ ಕುಂಬಳಕ್ಕೆ ಈಳಿಗೆ ತಾಗಿಸಬಾರದು, ಅವ್ವ ಹೇಳಿದ್ದು, ಅತ್ತೆ ಹೇಳಿದ್ದು, ನನಗೂ ಕೈ ಬರುವುದಿಲ್ಲ. ನಾ ಇಲ್ಲದಾಗ ಏನ್ ಮಾಡ್ತಿದ್ದಿ, ಒಡಿತಿದ್ದಿಲ್ಲೇನ? ಒಡಿತಿದ್ದಿಲ್ಲ, ಕಾಯಿ ಹಣ್ಣಾದ್ರ ಆಗ್ಲಿ ಅಂತ ಬಿಡ್ತಿದ್ದೆ ಅಂದೆ. ಹುಚ್ಚಿ ಅಂದರು, ನಕ್ಕರು, ಕುಡಗೋಲು ಎತ್ತಿ ಒಂದೇ ಏಟಿಗೆ ಎರಡು ಹೋಳು ಮಾಡಿದರು, ನೋಡ ಹೆಂಗ ಬೆವರತೈತಿ ಅಂದರು, ಬಿಳಿ ಮೈ ತುಂಬ ಹನಿ ಹನಿಯಾಗಿ ಅಂಟು ನೀರು ಎದ್ದು ನಿಂತಿತ್ತು. ಒಂದು ಹೋಳು ಹೆಚ್ಚಿ ಒಗ್ಗರಣೆಗೆ ಹಾಕಿದ್ದೇನೆ, ಗಡಿಗೆಯಲ್ಲಿ ಬೇಯುತ್ತಿದೆ, ಇನ್ನೊಂದು — ಅಯ್ಯೋ ಇನ್ನೊಂದು ಹೋಳು ಹಾಗೇ ಈಳಿಗೆ ಪಕ್ಕ ಮಲಗಿದೆ, ಮುಚ್ಚಲೇ, ಒಲೆಗೆ ತಳ್ಳಲೇ, ಬಂದೇ ಬಿಟ್ಟರು.

ನಿಜಾಮರ ಕಡೆಯ ಖಾಕಿಯವರು ಪಡಸಾಲೆಗೆ ಕಾಲಿಟ್ಟವರೇ ಕೆಮ್ಮಿದರು, ತೋಬಾ ತೋಬಾ ಎಂದು ಒಬ್ಬ ಹೊರಗೆ ಓಡಿದ, ನಾನೂ ಕೆಮ್ಮಿದೆ, ಬೇಕೆಂದೇ ಜೋರಾಗಿ ಕೆಮ್ಮಿದೆ, ಕೆಳಗೆ ಇವರು ಕೆಮ್ಮಿದರೂ ನನ್ನ ಕೆಮ್ಮಿನಲ್ಲೇ ಮುಚ್ಚಿಹೋಗಲಿ. ಮೂಟೆ ಚುಚ್ಚಿದರು, ಹಾಸಿಗೆ ಝಾಡಿಸಿದರು, ಅಂಗಳದ ಹಗೇವಿನ ಬಂಡೆ ತೆಗೆಸಿದರು, ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅವರಿಗೆ ಮನೆ ತೋರಿಸುತ್ತಿರುವವನು ಸಣ್ಣಪ್ಪ, ಹಿಂದಿನ ಓಣಿಯವನು, ನಮ್ಮ ಕಣದಲ್ಲೇ ಆಡಿ ಬೆಳೆದವನು, ನನ್ನ ಕೈಯ ರೊಟ್ಟಿ ತಿಂದವನು, ಈಗ ಅವರ ಹಿಂದೆ ತಿರುಗುತ್ತಾನೆ. ಅವನ ದನಿ ಅಂಗಳದಿಂದ ಕೇಳಿತು, ದೀಪ ಆರ್ತು ನೋಡ್ರಿ ಸಾಹೇಬ್ರ, ಇದರಾಗ ಯಾರರ ಕುಂತಿದ್ರ ಇಷ್ಟೊತ್ತಿಗೆ ಹೆಣಾನ ಆಗಿರತಾರ, ಮುಚ್ಚಸ್ರಿ. ಮೆಣಸಿನಕಾಯಿ ಕುಟ್ಟುತ್ತಿದ್ದ ನನ್ನ ಕೈಯ ಗುಂಡುಕಲ್ಲು ಹಾಗೇ ನಿಂತಿತು. ಅದೂ ನೀರಿಳಿದು ಹುಳಿತ ಜೋಳವೇ, ಇದೂ ಅದೇ ಜೋಳವೇ, ಅದು ದೊಡ್ಡದು, ಇದು ಸಣ್ಣದು, ಸಣ್ಣದರಲ್ಲಿ ಗಾಳಿ ಇನ್ನೂ ಕಡಿಮೆ — ಬೇಗ ಹೋಗ್ರಪ್ಪಾ, ಹೋಗಿಬಿಡ್ರಿ, ಇನ್ನೊಂದು ಹಿಡಿ ಮೆಣಸಿನಕಾಯಿ ಹಂಚಿಗೆ ಸುರಿದೆ, ಕಪ್ಪಾಗಲಿ, ಸುಟ್ಟು ಬೂದಿಯಾಗಲಿ. ಟಕ್, ಮತ್ತೆ ಬಂತು, ಮೊದಲಿನಷ್ಟು ಗಟ್ಟಿಯಿಲ್ಲ, ಇರಲಿ, ಬಂತಲ್ಲ. ಖಾಕಿಯವರು ಮೂಗು ಮುಚ್ಚಿಕೊಂಡು ಬೀದಿಗಿಳಿದರು, ದೇವರೇ ಅಂದುಕೊಂಡೆ, ಅಷ್ಟರಲ್ಲಿ ಸಣ್ಣಪ್ಪ ಉಪರಣೆ ಮೂಗಿಗೆ ಕಟ್ಟಿಕೊಂಡು ಅಡುಗೆಮನೆಗೇ ಬಂದ, ನಮ್ಮ ಘಾಟು ಅವನಿಗೇನು ಹೊಸದೇ.

ಹೋಳಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ, ಬೆರಳಿನಿಂದ ಒಂದು ಹನಿ ಒತ್ತಿದ, ಬೆರಳಿಗೆ ಅಂಟಿತು, ಹೆಬ್ಬೆಟ್ಟಿಗೆ ತಿಕ್ಕಿ ನೋಡಿದ. ಯಕ್ಕಾ, ಈ ಕುಂಬಳ ಯಾರು ಒಡದ್ರು? ನಾನ ಒಡದೆ ತಮ್ಮಾ. ನೀನ? ಕೊಟ್ರಪ್ಪಣ್ಣ ಹೋದಾಗಿಂದ ಬಳ್ಳ್ಯಾಗಿನ ಕಾಯಿ ಹಣ್ಣಾಗಿ ಉದುರ್ಯಾವಂತ, ಮುಟ್ಟಿಲ್ಲಂತ, ಓಣಿಯಾಗ ಎಲ್ಲಾರೂ ಆಡ್ಕೋತಾರ, ಇವತ್ತ ಹೆಂಗ ಕೈ ಬಂತ? ಅವನ ಕಣ್ಣು ಕುಡಗೋಲಿನ ಮೇಲೆ, ಅಲ್ಲಿಂದ ನೆಲದ ಮೇಲೆ, ಹಸಿ ಸಗಣಿಯ ಮೇಲೆ, ಬಂಡೆ ಇರುವ ಜಾಗದತ್ತ ಸರಿಯುತ್ತಿದೆ, ಏನಾದರೂ ಹೇಳು, ಬಾಯಿ ತೆಗೆ ಕಳಕಮ್ಮ. ಗಂಡಸು ಇದ್ದ ಮನಿಯಾಗ ಮುಟ್ಟಬಾರದು ತಮ್ಮಾ, ನಮ್ಮ ಮನಿಯಾಗ ಇನ್ನ ಯಾರದಾರ, ಗಡಿ ಆಚಿಗೆ ಗುಂಡು ಬಡಿದು ಹೋದ್ರಂತ, ನಿನ್ನೆ ಸುದ್ದಿ ಬಂತು. ಇದು ನನ್ನ ಬಾಯಿಯಿಂದಲೇ ಬಂತು. ಬಂಡೆಯ ಕೆಳಗೆ ಕೇಳಿಸಿತೋ ಏನೋ, ಕೇಳಿಸದಿರಲಿ, ಕೇಳಿಸಿದರೂ ನಗಲಿ, ಹುಚ್ಚಿ ಅನ್ನಲಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಘಾಟಿನದೋ ನನ್ನದೋ, ಅವನಿಗೇನು ಗೊತ್ತು. ಮತ್ತ ಹಣಿ ಮ್ಯಾಲೆ ಕುಂಕಮ ಹಂಗ ಐತಲ್ಲ? ಸೆರಗಿನಿಂದ ಒರೆಸಿದೆ, ಒಂದೇ ಸಲಕ್ಕೆ ಹೋಗಲಿಲ್ಲ, ಬೆವರಿಗೆ ಹರಡಿತು, ಮತ್ತೆ ಒರೆಸಿದೆ, ಅವನು ನೋಡುತ್ತಲೇ ಇದ್ದ.

ಆಯ್ತಬಿಡಕ್ಕಾ ಅಂದ, ಬಾಗಿಲಿಗೆ ಹೋಗಿ ಇಲ್ಲಿ ಯಾರೂ ಇಲ್ಲ, ಅಂವ ಸತ್ತಾನಂತ, ನೀವು ಮುಂದ ನಡೀರಿ ಎಂದು ಕೂಗಿದ, ಬೂಟಿನ ಸದ್ದು ದೂರವಾಯಿತು. ಅವನು ಹೋಗಲಿಲ್ಲ. ಮುಂಜಾನಿಂದ ಹೊಟ್ಟಿಗಿಲ್ಲಕ್ಕಾ, ನಿನ್ನ ಕೈಯಾನ ಪಲ್ಯಾ ತಿಂದು ಭಾಳ ದಿನಾತು, ಎರಡು ರೊಟ್ಟಿ ಕೊಡು ಅಂದ. ಮಣೆ ಎಳೆದುಕೊಂಡ, ಎಷ್ಟು ಜಾಗವಿತ್ತು ಕೂರುವುದಕ್ಕೆ, ಒಲೆಯ ಪಕ್ಕಕ್ಕೇ ತಂದ, ಬಂಡೆಯ ಮೇಲೇ ಹಾಕಿದ, ಗೊತ್ತಿದ್ದು ಹಾಕಿದನೋ ಗೊತ್ತಿಲ್ಲದೆಯೋ. ಪಡಸಾಲಿಗೆ ಬಾ ತಮ್ಮಾ, ಅಲ್ಲಿ ಗಾಳಿ ಐತಿ. ಇಲ್ಲೇ ಛಲೋ ಐತಿ. ಬಡಿಸಿದೆ. ತಿಂದ. ನಿಧಾನ ಅಗಿದ. ಉಪ್ಪು ಕಾರ ಬರೋಬರಿ ಐತಕ್ಕಾ ಅಂದ. ಅವನನ್ನು ತಳ್ಳಿ ಬಂಡೆ ಎತ್ತಿದರೆ ಒಂದು ಕೂಗಿಗೆ ಖಾಕಿಯವರು ತಿರುಗಿ ಬರುತ್ತಾರೆ, ಇವರನ್ನು ನನ್ನ ಕಣ್ಣೆದುರೇ ಎಳೆದೊಯ್ಯುತ್ತಾರೆ, ಎತ್ತದಿದ್ದರೆ, ಎತ್ತದಿದ್ದರೆ — ಬಡಿ, ಒಂದು ಸಲ ಬಡೀರಿ, ಬೇಡ ಬಡಿಯಬೇಡ್ರಿ, ಅವನ ಕಾಲ ಕೆಳಗೇ ಇದ್ದೀರಿ, ಕೇಳಿದರೆ ಮುಗಿಯಿತು, ಆದರೂ ಬಡೀರಿ, ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ. ಒಲೆ ಚಟಪಟ ಅಂದಿತು. ಅದು ಕಟ್ಟಿಗೆ. ಗಡಿಗೆ ಗೊರಗೊರ ಅಂದಿತು. ಅದು ಪಲ್ಯ. ಇನ್ನೊಂದು ರೊಟ್ಟಿ ಹಾಕಕ್ಕಾ. ಹಾಕಿದೆ. ಬಂಡೆಯ ಕೆಳಗಿನಿಂದ ಏನೂ ಇಲ್ಲ. ಆಗಿನಿಂದ ಇಲ್ಲ. ಅವನು ಅಗಿಯುತ್ತಿದ್ದಾನೆ, ನಾನು ಈಳಿಗೆಯ ಪಕ್ಕ ನೋಡುತ್ತಿದ್ದೇನೆ, ಇವರು ಒಡೆದ ಹೋಳು, ಬಿಳಿ ಮೈ, ಮೈ ಮೇಲೆ ಹನಿ, ಸಣ್ಣಪ್ಪ ಬೆರಳು ಒತ್ತಿದ ಜಾಗದಲ್ಲಿ ಇನ್ನೊಂದು ಹನಿ ಏಳುತ್ತಿದೆ, ಎದ್ದು ನಿಂತಿದೆ, ಹನಿ.